ಆಟದ ಬಯಲಿನಲ್ಲಿ ಹಿರಿಯರಿಲ್ಲದ ಹೊತ್ತು



2023ರ ಡಿಸೆಂಬರಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳು ಗುರುವಂದನೆಯ ಕಾರ್ಯಕ್ರಮವೊಂದನ್ನು ಏರ್ಪಡಿಸಿದ್ದರು. 1989ರಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದ ತಂಡ. ಎಲ್ಲರಿಗೂ ಐವತ್ತು ದಾಟಿದೆ, ಕೆಲವರಿಗೆ ನನಗಿಂತ ಹೆಚ್ಚು ನರೆತಿದೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಹೋಳಿಗೆ ಊಟ, ಯಾವುದಕ್ಕೂ ಕೊರತೆಯಿರಲಿಲ್ಲ. ಮಧ್ಯಾಹ್ನದ ಮೇಲೆ ಒಬ್ಬೊಬ್ಬರಾಗಿ ವೇದಿಕೆಗೆ ಬಂದು ಹಳೆಯ ನೆನಪುಗಳನ್ನು ಹೇಳಿಕೊಳ್ಳತೊಡಗಿದರು. ಒಬ್ಬನು ತನ್ನ ತರಗತಿಯಲ್ಲಿದ್ದ ಹುಡುಗನೊಬ್ಬನ ಅಡ್ಡಹೆಸರನ್ನು ಹೇಳಿ, ಅವನ ಬುತ್ತಿಯ ಡಬ್ಬಿಯನ್ನು ತಾವು ಏನೇನು ಮಾಡುತ್ತಿದ್ದೆವೆಂದು ಅಭಿನಯಿಸಿ ತೋರಿಸಿದನು. ಸಭೆಯೆಲ್ಲ ನಕ್ಕಿತು. ನಾನೂ ನಕ್ಕೆ. ನಕ್ಕ ಮೇಲೆ, ಅವನೆಲ್ಲಿ ಎಂದು ಸಾಲುಗಳಲ್ಲಿ ಕಣ್ಣಾಡಿಸಿದೆ. ಕಾಣಲಿಲ್ಲ. ಪಕ್ಕದಲ್ಲಿದ್ದವನನ್ನು ಕೇಳಿದೆ. “ಅವನು ಒಂಬತ್ತರಲ್ಲೇ ಶಾಲೆ ಬಿಟ್ಟನಲ್ಲ ಸಾರ್. ವಾಟ್ಸಾಪ್ ಗುಂಪಿಗೆ ಸೇರಿಸಿದ್ದೆವು, ಐದೇ ನಿಮಿಷಕ್ಕೆ ಹೊರಗೆ ಹೋದ” ಎಂದನು.

ಆ ಹುಡುಗನ ಹೆಸರನ್ನಾಗಲಿ ಅಡ್ಡಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಓದುತ್ತಿರುವ ನಿಮ್ಮಲ್ಲಿ ಕೆಲವರಿಗೆ ಅದು ತಿಳಿದೇ ಇದೆ. ಅವನು ನಾಲ್ಕು ಮೈಲಿ ದೂರದ ಕೊಪ್ಪಲಿನಿಂದ ನಡೆದು ಬರುತ್ತಿದ್ದನು. ಗಣಿತದಲ್ಲಿ ಚುರುಕು, ಮಾತಿನಲ್ಲಿ ತಡವರಿಕೆ. ಅವನ ಚೀಲ ಬಾವಿಯ ಕಟ್ಟೆಯ ಮೇಲೆ ಸಿಗುತ್ತಿತ್ತು, ಒಮ್ಮೆ ಬಾವಿಯೊಳಗೇ ಸಿಕ್ಕಿತು. ಇದು ನಡೆಯುತ್ತಿದ್ದುದು ಮಧ್ಯಾಹ್ನದ ಬಿಡುವಿನಲ್ಲಿ, ಶಾಲೆಯ ಹಿಂದಿನ ಬಯಲಿನಲ್ಲಿ. ನಾವು ಉಪಾಧ್ಯಾಯರು ಆ ಹೊತ್ತಿಗೆ ನಮ್ಮ ಕೊಠಡಿಯಲ್ಲಿ ಇರುತ್ತಿದ್ದೆವು. ಆ ಕೊಠಡಿಗೆ ಬಯಲಿನ ಕಡೆಗೆ ಒಂದು ಕಿಟಕಿಯಿತ್ತು. ನಕ್ಷೆಗಳನ್ನಿಡುವ ಬೀರುವನ್ನು ಅದಕ್ಕೆ ಅಡ್ಡವಾಗಿ ನಿಲ್ಲಿಸಿದ್ದರು. ಯಾರಾದರೂ ದೂರು ತಂದರೆ, “ಗಂಡು ಹುಡುಗರಲ್ಲವೇ, ಇವತ್ತು ಕಿತ್ತಾಡಿ ನಾಳೆ ಒಂದಾಗುತ್ತಾರೆ” ಎನ್ನುತ್ತಿದ್ದೆವು. ನಾನು ಅದಕ್ಕಿಂತಲೂ ಒಂದು ಹೆಜ್ಜೆ ಮುಂದೆ ಹೋದವನು. 1987ರ ಒಂದು ದಿನ ಸಮಾಜ ವಿಜ್ಞಾನದ ಪಾಠದಲ್ಲಿ ಅವನು ಉತ್ತರ ಹೇಳಲು ತಡಮಾಡಿದಾಗ, ತರಗತಿಯನ್ನು ಹಗುರಗೊಳಿಸುವ ಉತ್ಸಾಹದಲ್ಲಿ ನಾನೇ ಅವನನ್ನು ಆ ಅಡ್ಡಹೆಸರಿನಿಂದ ಕರೆದೆ. ದಸರಾ ರಜೆ ಮುಗಿದ ಮೇಲೆ ಅವನ ಜಾಗ ಖಾಲಿಯಾಗಿತ್ತು. ಹಾಜರಿ ಪುಸ್ತಕದಲ್ಲಿ ಕೆಲವು ವಾರ ‘ಗೈ’ ಎಂದು ಬರೆದು, ಆಮೇಲೆ ಹೆಸರಿನ ಮೇಲೆ ಕೆಂಪು ಗೆರೆ ಎಳೆದೆ.

ಗುರುವಂದನೆಯಿಂದ ಹಿಂದಿರುಗಿದ ಮೇಲೆ ಈ ವಿಷಯ ನನ್ನನ್ನು ಬಿಡಲಿಲ್ಲ. ಬಿ.ಎಡ್. ತರಗತಿಯಲ್ಲಿ ನಾವು ಮನಶ್ಶಾಸ್ತ್ರವನ್ನು ಒಂದು ಪತ್ರಿಕೆಯಾಗಿಯೇ ಓದಿದ್ದೆವು. ಥಾರ್ನ್‌ಡೈಕನ ಬೆಕ್ಕು, ಪಾವ್ಲೋವನ ನಾಯಿ ಎಲ್ಲ ಇದ್ದವು. ಒಬ್ಬ ಹುಡುಗನನ್ನು ನಾಲ್ವರು ಹುಡುಗರು ವರ್ಷಗಟ್ಟಲೆ ಗೋಳುಹೊಯ್ದುಕೊಳ್ಳುವ ವಿಷಯ ಮಾತ್ರ ಯಾವ ಅಧ್ಯಾಯದಲ್ಲಿಯೂ ಇರಲಿಲ್ಲ. ಇದನ್ನು ಯಾರಾದರೂ ಶಾಸ್ತ್ರೀಯವಾಗಿ ನೋಡಿದ್ದಾರೆಯೇ ಎಂದು ಮಗಳನ್ನು ಕೇಳಿದಾಗ, ಅವಳು ಡಾನ್ ಓಲ್ವೇಯಸ್ ಎಂಬುವರು 1993ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಸಣ್ಣ ಪುಸ್ತಕವೊಂದನ್ನು ತರಿಸಿಕೊಟ್ಟಳು. ಅಲ್ಲಿಂದ ಮುಂದೆ ಓದುತ್ತ ಹೋದಂತೆ ನಾನು ತಲುಪಿದ್ದು ನಾರ್ವೆ ದೇಶವನ್ನು. ನಾನು ನೌಕರಿಗೆ ಸೇರಿದ 1983ನೇ ಇಸವಿಯಲ್ಲಿಯೇ ಅಲ್ಲಿ ಇದರ ವಿರುದ್ಧ ಒಂದು ದೇಶವ್ಯಾಪಿ ಚಳವಳಿ ಆರಂಭವಾಗಿತ್ತು. ಆ ಇತಿಹಾಸವನ್ನು ನಿಮ್ಮ ಮುಂದಿಡುವುದೇ ಈ ಬರಹದ ಉದ್ದೇಶ.

ಕಥೆ ನಾರ್ವೆಯ ನೆರೆಯ ಸ್ವೀಡನ್ನಿನಿಂದ ಆರಂಭವಾಗುತ್ತದೆ. 1969ರಲ್ಲಿ ಪೀಟರ್-ಪಾಲ್ ಹೈನೆಮನ್ ಎಂಬ ವೈದ್ಯರು, ಮಕ್ಕಳು ಗುಂಪುಗೂಡಿ ಒಂಟಿ ಮಗುವೊಂದನ್ನು ಅಟ್ಟಾಡಿಸುವುದನ್ನು ಕುರಿತು ಲೇಖನವೊಂದನ್ನು ಬರೆದರು. ಈ ನಡವಳಿಕೆಗೆ ಅವರು ‘ಮೊಬ್ಬಿಂಗ್’ ಎಂಬ ಹೆಸರಿಟ್ಟರು. ಆ ಪದವನ್ನು ಅವರು ಪಡೆದದ್ದು ಪ್ರಾಣಿಗಳ ವರ್ತನೆಯನ್ನು ಅಭ್ಯಸಿಸಿದ ಕಾನ್ರಾಡ್ ಲೊರೆಂಝರ ಬರಹದಿಂದ. ಹಕ್ಕಿಗಳು ಗುಂಪಾಗಿ ಶತ್ರುವಿನ ಮೇಲೆರಗುವುದಕ್ಕೆ ಬಳಕೆಯಲ್ಲಿದ್ದ ಮಾತು ಅದು. ನಮ್ಮ ಹಿತ್ತಿಲಿನಲ್ಲಿ ಗಿಡುಗನೊಂದು ಬಂದು ಕುಳಿತರೆ ಹತ್ತಿಪ್ಪತ್ತು ಕಾಗೆಗಳು ಸೇರಿ ಗದ್ದಲವೆಬ್ಬಿಸಿ ಅಟ್ಟುವುದನ್ನು ನೀವೆಲ್ಲ ಕಂಡಿದ್ದೀರಿ. ಅದೇ ಮೊಬ್ಬಿಂಗ್. ಒಂದು ವ್ಯತ್ಯಾಸವನ್ನು ಮಾತ್ರ ಗಮನಿಸಬೇಕು: ಗಿಡುಗ ಕಾಗೆಯ ಮರಿಯನ್ನು ತಿನ್ನುವ ಹಕ್ಕಿ, ನಮ್ಮ ಹುಡುಗ ಯಾರಿಗೂ ಏನನ್ನೂ ಮಾಡಿದವನಲ್ಲ.

ಹೈನೆಮನ್ನರ ವಿವರಣೆಯನ್ನು ಒಪ್ಪದೆ ಹೋದವರು ಓಲ್ವೇಯಸ್. 1931ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿ, ಮುಂದೆ ನಾರ್ವೆಯ ಬರ್ಗೆನ್ ನಗರದಲ್ಲಿ ನೆಲೆಸಿ, 2020ರಲ್ಲಿ ತೀರಿಕೊಂಡ ಮನಶ್ಶಾಸ್ತ್ರಜ್ಞ ಇವರು. 1970ರ ದಶಕದ ಆರಂಭದಲ್ಲಿ ಸ್ಟಾಕ್‌ಹೋಮ್ ಸುತ್ತಿನ ಶಾಲೆಗಳ ಸುಮಾರು ಸಾವಿರ ಹುಡುಗರನ್ನು ಅಭ್ಯಸಿಸಿ, 1973ರಲ್ಲಿ ಸ್ವೀಡಿಷ್ ಭಾಷೆಯಲ್ಲಿ ಪುಸ್ತಕ ಬರೆದರು. ಗುಂಪು ಇದ್ದಕ್ಕಿದ್ದಂತೆ ಕೆರಳಿ ಒಬ್ಬನ ಮೇಲೆ ಬೀಳುವುದು ಅಪರೂಪ, ಸಾಮಾನ್ಯವಾಗಿ ಒಬ್ಬಿಬ್ಬರು ಬಲಿಷ್ಠ ಹುಡುಗರು ದುರ್ಬಲನಾದ ಒಬ್ಬನನ್ನೇ ಮತ್ತೆ ಮತ್ತೆ, ಬಹುಕಾಲ ಹಿಂಸಿಸುತ್ತಾರೆ ಎಂಬುದು ಅವರ ವಾದ. ಸಮಬಲರ ಜಗಳ ಇದಲ್ಲ. ಈ ಒಂದು ವಾಕ್ಯವನ್ನು ನನಗೆ ಯಾರಾದರೂ 1983ರಲ್ಲಿ ಹೇಳಿದ್ದರೆ, ‘ಇವತ್ತು ಕಿತ್ತಾಡಿ ನಾಳೆ ಒಂದಾಗುತ್ತಾರೆ’ ಎನ್ನುವ ಮಾತು ನನ್ನ ಬಾಯಿಂದ ಬರುತ್ತಿರಲಿಲ್ಲ.

ಉಪಾಧ್ಯಾಯರು ಸತ್ಯವೆಂದು ನಂಬಿಕೊಂಡಿದ್ದ ಹಲವು ಸಂಗತಿಗಳನ್ನು ಓಲ್ವೇಯಸ್ ಪರೀಕ್ಷಿಸಿ ನೋಡಿದರು. ದಪ್ಪಗಿದ್ದರೆ, ಕನ್ನಡಕ ಹಾಕಿದ್ದರೆ, ಮಾತು ಬೇರೆಯಾಗಿದ್ದರೆ ಕಾಟಕ್ಕೆ ಗುರಿಯಾಗುತ್ತಾರೆ ಎಂಬ ನಂಬಿಕೆಗೆ ಅವರ ಅಂಕಿಗಳಲ್ಲಿ ಆಧಾರ ಸಿಗಲಿಲ್ಲ. ಇಂಥ ಯಾವುದಾದರೊಂದು ಗುರುತು ಹುಡುಕಿದರೆ ಎಲ್ಲ ಮಕ್ಕಳಲ್ಲಿಯೂ ಸಿಗುತ್ತದೆ. ಕಾಟ ಕೊಡುವವನು ಅದನ್ನು ನೆಪವಾಗಿ ಬಳಸುತ್ತಾನೆ, ಅಷ್ಟೆ. ಕಾಟ ಕೊಡುವವನು ಹೊರಗೆ ಗಟ್ಟಿಗನಂತೆ ಕಂಡರೂ ಒಳಗೆ ಅಳುಬುರುಕ ಎಂಬ ಮಾತೂ ನಿಲ್ಲಲಿಲ್ಲ. ತರಗತಿ ದೊಡ್ಡದಾದರೆ, ಶಾಲೆ ದೊಡ್ಡದಾದರೆ ಕಾಟ ಹೆಚ್ಚು ಎಂಬುದೂ ಸುಳ್ಳಾಯಿತು. ಅರವತ್ತು ಮಕ್ಕಳ ತರಗತಿಯನ್ನು ನಿಭಾಯಿಸಿದ ನನಗೆ ಇದು ಸ್ವಲ್ಪ ಕಹಿಯಾಗಿಯೇ ಕಂಡಿತು, ಏಕೆಂದರೆ ನಾನು ಯಾವಾಗಲೂ ಹೇಳಿಕೊಳ್ಳುತ್ತಿದ್ದ ಸಮರ್ಥನೆ ಅದೇ. ಹಾಗಾದರೆ ಯಾವುದು ಮುಖ್ಯ? ಬಿಡುವಿನ ಹೊತ್ತಿನಲ್ಲಿ ಬಯಲಿನಲ್ಲಿ ಎಷ್ಟು ಜನ ಉಪಾಧ್ಯಾಯರು ಇರುತ್ತಾರೆ ಎಂಬುದು. ಹೆಚ್ಚು ಹಿರಿಯರಿದ್ದ ಶಾಲೆಗಳಲ್ಲಿ ಕಾಟ ಕಡಮೆಯಿತ್ತು. ಶಾಲೆಗೆ ಬರುವ ಹೋಗುವ ದಾರಿಗಿಂತ ಶಾಲೆಯ ಆವರಣದಲ್ಲಿಯೇ ಇದು ಹೆಚ್ಚು ನಡೆಯುತ್ತದೆ ಎಂಬುದನ್ನೂ ಅವರು ಕಂಡುಕೊಂಡರು.

ಪುಸ್ತಕ ಬಂದು ಹತ್ತು ವರ್ಷ ಕಳೆದರೂ ಸರಕಾರಗಳು ಅಲುಗಾಡಲಿಲ್ಲ. ಅಲುಗಾಡಿಸಿದ್ದು ಒಂದು ದುಃಖದ ಸುದ್ದಿ. 1982ರ ಕೊನೆಯಲ್ಲಿ ನಾರ್ವೆಯ ಉತ್ತರ ಭಾಗದ ಮೂವರು ಹುಡುಗರು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರೆಂದೂ, ಸಹಪಾಠಿಗಳ ತೀವ್ರ ಕಾಟವೇ ಇದಕ್ಕೆ ಕಾರಣವಾಗಿದ್ದಿರಬೇಕೆಂದೂ ಪತ್ರಿಕೆಯೊಂದು ವರದಿ ಮಾಡಿತು. ವಯಸ್ಸು ಹತ್ತರಿಂದ ಹದಿನಾಲ್ಕರ ನಡುವೆ. ದೇಶ ತಲ್ಲಣಿಸಿತು. ಮಕ್ಕಳ ಪರವಾಗಿ ಮಾತನಾಡಲೆಂದೇ 1981ರಲ್ಲಿ ಜಗತ್ತಿನಲ್ಲಿ ಮೊದಲ ಬಾರಿಗೆ ಒಬ್ಬ ಅಧಿಕಾರಿಯನ್ನು ನೇಮಿಸಿದ್ದ ದೇಶ ಅದು. ಶಾಲೆಗಳಲ್ಲಿ ದೈಹಿಕ ಶಿಕ್ಷೆಯನ್ನು 1936ರಲ್ಲಿಯೇ ಕಾನೂನಿನಿಂದ ತೆಗೆದುಹಾಕಿದ್ದ ದೇಶ. (ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಇದನ್ನು ನಿಷೇಧಿಸುವವರೆಗೂ ನನ್ನ ಮೇಜಿನ ಮೇಲೆ ಬೆತ್ತ ಇದ್ದಿತು. ಬೆತ್ತ ಹಿಡಿದವನು ಮಕ್ಕಳಿಗೆ ಪರಸ್ಪರ ಹೊಡೆಯಬೇಡಿ ಎಂದು ಬೋಧಿಸುವುದರಲ್ಲಿನ ಅಭಾಸ ನನಗೆ ತಡವಾಗಿ ಹೊಳೆಯಿತು.) ಅಂಥ ದೇಶದಲ್ಲಿಯೂ ಮೂವರು ಮಕ್ಕಳ ಸಂಕಟ ಹಿರಿಯರ ಕಣ್ಣಿಗೆ ಬೀಳದೆ ಹೋಗಿತ್ತು.

1983ರ ಶರತ್ಕಾಲದಲ್ಲಿ ನಾರ್ವೆಯ ಶಿಕ್ಷಣ ಇಲಾಖೆ ದೇಶದ ಎಲ್ಲ ಪ್ರಾಥಮಿಕ ಮತ್ತು ಕಿರಿಯ ಪ್ರೌಢಶಾಲೆಗಳನ್ನು ಒಳಗೊಂಡ ಆಂದೋಲನವನ್ನು ಆರಂಭಿಸಿತು. ಮೊದಲು ಮಕ್ಕಳನ್ನೇ ಕೇಳಿದರು. ಹೆಸರು ಬರೆಯಬೇಕಿಲ್ಲದ ಪ್ರಶ್ನಾವಳಿ. 715 ಶಾಲೆಗಳ ಸುಮಾರು 1,30,000 ಮಕ್ಕಳ ಉತ್ತರಗಳು. ಇವುಗಳ ಆಧಾರದ ಮೇಲೆ ಓಲ್ವೇಯಸ್ ಲೆಕ್ಕ ಹಾಕಿ, ಏಳು ಮಕ್ಕಳಲ್ಲಿ ಒಬ್ಬರು ಆಗಾಗ ಕಾಟ ಕೊಡುವವರು ಅಥವಾ ಕಾಟಕ್ಕೆ ಒಳಗಾಗುವವರು ಎಂದರು. ಇಡೀ ದೇಶಕ್ಕೆ ಅನ್ವಯಿಸಿದರೆ ಸುಮಾರು 84,000 ಮಕ್ಕಳು. ನನ್ನನ್ನು ತಡೆದು ನಿಲ್ಲಿಸಿದ್ದು ಈ ಅಂಕಿಯಲ್ಲ, ಇನ್ನೊಂದು. ಕಾಟಕ್ಕೊಳಗಾದ ಕೆಳತರಗತಿಯ ಮಕ್ಕಳಲ್ಲಿ ಶೇಕಡಾ 40ರಷ್ಟು, ಮೇಲಿನ ತರಗತಿಗಳಲ್ಲಿ ಶೇಕಡಾ 60ರ ಸಮೀಪ, ಉಪಾಧ್ಯಾಯರು ಇದನ್ನು ತಡೆಯಲು ಯತ್ನಿಸುವುದು ಎಂದೋ ಒಮ್ಮೆ ಅಥವಾ ಬಹುತೇಕ ಇಲ್ಲವೇ ಇಲ್ಲ ಎಂದು ಉತ್ತರಿಸಿದ್ದರು. ನಮ್ಮ ಶಾಲೆಯಲ್ಲಿ ಆ ಪ್ರಶ್ನಾವಳಿ ಹಂಚಿದ್ದರೆ ಬರುತ್ತಿದ್ದ ಉತ್ತರ ಯಾವುದೆಂದು ನನಗೆ ಗೊತ್ತಿದೆ.

ಶಾಲೆಗಳಿಗೆ ಕೊಟ್ಟ ಸಾಮಗ್ರಿ ಹೆಚ್ಚೇನಲ್ಲ. ಉಪಾಧ್ಯಾಯರಿಗೆ 32 ಪುಟಗಳ ಪುಸ್ತಿಕೆ. ಶಾಲೆಗೆ ಹೋಗುವ ಮಕ್ಕಳಿರುವ ಪ್ರತಿ ಮನೆಗೂ ನಾಲ್ಕು ಪುಟಗಳ ಮಡಿಕೆ ಪತ್ರ; ಅದರಲ್ಲಿ ಕಾಟ ಕೊಡುವ ಮಗುವಿನ ತಂದೆತಾಯಿಗೂ ಹಿತವಚನವಿತ್ತು, ಕಾಟ ಅನುಭವಿಸುವ ಮಗುವಿನ ತಂದೆತಾಯಿಗೂ ಇತ್ತು. ಕಡಮೆ ಬೆಲೆಗೆ ಸಿಗುವ 25 ನಿಮಿಷಗಳ ವೀಡಿಯೋ ಸುರುಳಿ. ಹಿಂದೆ ಹೇಳಿದ ಪ್ರಶ್ನಾವಳಿ. ಇಷ್ಟೆ.

ಬರ್ಗೆನ್ ನಗರದಲ್ಲಿ ಓಲ್ವೇಯಸ್ ಸ್ವತಃ ಹಿಂಬಾಲಿಸಿದರು. 42 ಶಾಲೆಗಳ ಸುಮಾರು 2,500 ಮಕ್ಕಳನ್ನು ಎರಡೂವರೆ ವರ್ಷಗಳ ಕಾಲ ಗಮನಿಸಿದರು. ಅಲ್ಲಿ ನಡೆದ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹೊರನೋಟಕ್ಕೆ ಅದರಲ್ಲಿ ಯಾವ ಚಮತ್ಕಾರವೂ ಇಲ್ಲ. ಪ್ರಶ್ನಾವಳಿಯ ಫಲಿತಾಂಶವನ್ನು ಮುಂದಿಟ್ಟುಕೊಂಡು ಉಪಾಧ್ಯಾಯರು, ಮುಖ್ಯೋಪಾಧ್ಯಾಯರು, ಪೋಷಕರ ಪ್ರತಿನಿಧಿಗಳು, ಕೆಲವು ವಿದ್ಯಾರ್ಥಿಗಳು ಒಂದು ಇಡೀ ದಿನ ಕುಳಿತು ಚರ್ಚಿಸುವುದು. ಬಿಡುವಿನಲ್ಲಿ ಬಯಲಿನ ಯಾವ ಮೂಲೆಯಲ್ಲಿ ಯಾರು ನಿಲ್ಲಬೇಕೆಂದು ಗೊತ್ತುಮಾಡುವುದು. ಪ್ರತಿ ತರಗತಿಯಲ್ಲಿ ಮಕ್ಕಳೊಂದಿಗೇ ಮಾತನಾಡಿ ಕೆಲವೇ ನಿಯಮಗಳನ್ನು ಮಾಡಿಕೊಳ್ಳುವುದು: ನಾವು ಯಾರಿಗೂ ಕಾಟ ಕೊಡುವುದಿಲ್ಲ, ಕಾಟಕ್ಕೊಳಗಾದವರಿಗೆ ನೆರವಾಗುತ್ತೇವೆ, ಒಂಟಿಯಾಗಿರುವವರನ್ನು ಆಟಕ್ಕೆ ಸೇರಿಸಿಕೊಳ್ಳುತ್ತೇವೆ. ವಾರಕ್ಕೊಮ್ಮೆ ಆ ನಿಯಮಗಳು ಏನಾದವೆಂದು ತರಗತಿಯಲ್ಲಿ ಮಾತನಾಡುವುದು. ತಪ್ಪು ಮಾಡಿದವನಿಗೆ ಹೊಡೆತವಿಲ್ಲ, ಅವಮಾನವಿಲ್ಲ. ಆದರೆ ಕಂಡೂ ಕಾಣದಂತಿರುವುದೂ ಇಲ್ಲ. ಅವನನ್ನು ಬೇರೆಯಾಗಿ ಕರೆದು ಗಂಭೀರವಾಗಿ ಮಾತನಾಡುತ್ತಾರೆ, ಅವನ ತಂದೆತಾಯಿಯನ್ನು ಕರೆಸುತ್ತಾರೆ. ನೊಂದ ಮಗುವಿನ ಮನೆಯವರೊಂದಿಗೂ ಮಾತನಾಡುತ್ತಾರೆ. ಎಷ್ಟೋ ಮಕ್ಕಳು ಮನೆಯಲ್ಲಿ ಬಾಯಿಬಿಟ್ಟಿರುವುದಿಲ್ಲ. ನಮ್ಮ ಹುಡುಗನ ತಂದೆ ಅವನು ಏಕೆ ಶಾಲೆ ಬಿಟ್ಟನೆಂದು ಕೇಳಲು ಒಮ್ಮೆಯೂ ಬರಲಿಲ್ಲವೆಂದು ನಾನು ಆಗ ಆಕ್ಷೇಪಿಸಿದ್ದೆ. ನಾನೂ ಆ ಕೊಪ್ಪಲಿಗೆ ಹೋಗಿರಲಿಲ್ಲ.

ಎಂಟು ತಿಂಗಳ ಬಳಿಕ ಒಮ್ಮೆ, ಇಪ್ಪತ್ತು ತಿಂಗಳ ಬಳಿಕ ಇನ್ನೊಮ್ಮೆ ಅದೇ ಪ್ರಶ್ನೆಗಳನ್ನು ಕೇಳಿದಾಗ, ಕಾಟಕ್ಕೊಳಗಾಗುತ್ತಿದ್ದೇವೆ ಎಂದವರ ಪ್ರಮಾಣ ಅರ್ಧದಷ್ಟು ಅಥವಾ ಅದಕ್ಕಿಂತಲೂ ಹೆಚ್ಚು ಇಳಿದಿತ್ತು. ಅದರೊಂದಿಗೆ ಕಳ್ಳತನ, ಶಾಲೆಯ ವಸ್ತುಗಳ ಧ್ವಂಸ, ತರಗತಿ ತಪ್ಪಿಸುವಿಕೆ ಮುಂತಾದವೂ ಕಡಮೆಯಾಗಿದ್ದವು. ಓಲ್ವೇಯಸ್ ಹೋಲಿಸಿದ್ದು ಹಿಂದಿನ ವರ್ಷ ಅದೇ ತರಗತಿಯಲ್ಲಿ, ಅದೇ ವಯಸ್ಸಿನಲ್ಲಿದ್ದ ಮಕ್ಕಳೊಂದಿಗೆ. ಕಾರ್ಯಕ್ರಮವೇ ಇಲ್ಲದ ಬೇರೊಂದು ಊರಿನೊಂದಿಗೆ ಅಲ್ಲ. ಆದ್ದರಿಂದ ಈ ಇಳಿಕೆಯಲ್ಲಿ ಎಷ್ಟು ಪಾಲು ಕಾರ್ಯಕ್ರಮದ್ದು ಎಂದು ವಿದ್ವಾಂಸರು ಪ್ರಶ್ನಿಸಿರುವುದುಂಟು.

ಆ ಪ್ರಶ್ನೆಗೆ ಅರ್ಧ ಉತ್ತರ ಅದೇ ದೇಶದಲ್ಲಿಯೇ ಸಿಕ್ಕಿತು, ಮತ್ತು ನನ್ನ ದೃಷ್ಟಿಯಲ್ಲಿ ಈ ಇತಿಹಾಸದ ಅತ್ಯಂತ ಮುಖ್ಯ ಪುಟ ಅದು. ಬರ್ಗೆನ್ನಿನ ದಕ್ಷಿಣಕ್ಕೆ ಸ್ಟವಾಂಗರ್ ಎಂಬ ನಗರವಿದೆ, ರೋಗಲ್ಯಾಂಡ್ ಪ್ರಾಂತದಲ್ಲಿ. ಅಲ್ಲಿಯ ಶಾಲೆಗಳಿಗೂ ಅದೇ ಪುಸ್ತಿಕೆ, ಅದೇ ವೀಡಿಯೋ ತಲುಪಿದ್ದವು. ಮೂರು ವರ್ಷಗಳ ಬಳಿಕ ಎರ್ಲಿಂಗ್ ರೋಲಾಂಡ್ ಎಂಬ ವಿದ್ವಾಂಸರು 37 ಶಾಲೆಗಳ ಸುಮಾರು 7,000 ಮಕ್ಕಳನ್ನು ಕೇಳಿ ನೋಡಿದರು. ಹುಡುಗರಲ್ಲಿ ಕಾಟ ಇಳಿದಿರಲಿಲ್ಲ; ಸ್ವಲ್ಪ ಏರಿಯೇ ಇತ್ತು. ಬರ್ಗೆನ್ನಿನಲ್ಲಿ ಸಂಶೋಧಕರು ಶಾಲೆಗಳಿಗೆ ಮತ್ತೆ ಮತ್ತೆ ಹೋಗಿ ಅವರ ಅಂಕಿಗಳನ್ನು ಅವರಿಗೇ ತೋರಿಸುತ್ತಿದ್ದರು. ರೋಗಲ್ಯಾಂಡಿನಲ್ಲಿ ಸಾಮಗ್ರಿ ಹೋಯಿತು, ಹಿಂದೆ ಮನುಷ್ಯರು ಅಷ್ಟಾಗಿ ಹೋಗಲಿಲ್ಲ. ಆದರೆ ಅಲ್ಲಿಯೂ ಯಾವ ಶಾಲೆಗಳು ಪುಸ್ತಿಕೆಯನ್ನು ನಿಜವಾಗಿ ಬಳಸಿದವೋ ಅವುಗಳ ಫಲಿತಾಂಶ ಉಳಿದವುಗಳಿಗಿಂತ ಉತ್ತಮವಾಗಿತ್ತು.

ಇದನ್ನು ಓದಿದಾಗ ನಮ್ಮ ಶಾಲೆಯ ಬೀರು ನೆನಪಾಯಿತು. ಇಲಾಖೆಯಿಂದ ಬಂದ ಎಷ್ಟು ಕೈಪಿಡಿಗಳು ನಕ್ಷೆಗಳ ಕೆಳಗೆ ಹೊಲಿಗೆ ಬಿಚ್ಚದೆ ಕುಳಿತಿದ್ದವು! ‘ಸ್ವೀಕರಿಸಲಾಗಿದೆ’ ಎಂದು ಸಹಿ ಹಾಕಿ ಕಳಿಸುವುದರೊಂದಿಗೆ ಆ ಯೋಜನೆ ಸಂಪೂರ್ಣವಾಗುತ್ತಿತ್ತು. ಇದಕ್ಕೆ ಇಲಾಖೆಯೊಂದನ್ನೇ ದೂರುವುದು ಸರಿಯಲ್ಲ. ಸಹಿ ಹಾಕಿದವರು ನಾವು.

ನಾರ್ವೆಯವರು ಈ ಸೋಲಿನಿಂದ ಪಾಠ ಕಲಿಯಲು ಬಹಳ ಕಾಲ ತೆಗೆದುಕೊಂಡರು. ತೊಂಬತ್ತರ ದಶಕದಲ್ಲಿ ಉತ್ಸಾಹ ತಣ್ಣಗಾಗಿತ್ತು. 2002ರಲ್ಲಿ ಪ್ರಧಾನಿ ಬೊಂದೆವಿಕ್ ಅವರ ಸರಕಾರ, ಸ್ಥಳೀಯ ಸಂಸ್ಥೆಗಳ ಒಕ್ಕೂಟ, ಪೋಷಕರ ರಾಷ್ಟ್ರೀಯ ಸಮಿತಿ, ಉಪಾಧ್ಯಾಯರ ಸಂಘ, ಮಕ್ಕಳ ಪರ ಅಧಿಕಾರಿ ಎಲ್ಲರೂ ಸೇರಿ ಒಂದು ಸಂಕಲ್ಪ ಪತ್ರಕ್ಕೆ ಸಹಿ ಹಾಕಿದರು. ಶಾಲೆಯೊಂದರಿಂದಲೇ ಇದು ಆಗುವ ಕೆಲಸವಲ್ಲ ಎಂಬುದನ್ನು ಅಧಿಕೃತವಾಗಿ ಒಪ್ಪಿಕೊಂಡಂತಾಯಿತು. ಪತ್ರಕ್ಕೆ ಸಹಿ ಹಾಕುವುದನ್ನು ನಾವೂ ಬಲ್ಲೆವು ಎಂದು ನೀವು ನಗಬಹುದು. ಆದರೆ ಅದರ ಬೆನ್ನಿಗೇ ಓಲ್ವೇಯಸ್ ಅವರ ಕಾರ್ಯಕ್ರಮ ನೂರಾರು ಶಾಲೆಗಳಿಗೆ, ಈ ಬಾರಿ ತರಬೇತಿ ಪಡೆದ ಮಾರ್ಗದರ್ಶಕರೊಂದಿಗೆ ಹೋಯಿತು. ಸ್ಟವಾಂಗರಿನಲ್ಲಿ ರೋಲಾಂಡ್ ಮತ್ತು ಅವರ ಸಂಗಡಿಗರು ರೂಪಿಸಿದ ಇನ್ನೊಂದು ಕಾರ್ಯಕ್ರಮದಲ್ಲಿ, ಬಿಡುವಿನ ವೇಳೆ ಬಯಲಿನಲ್ಲಿರುವ ಉಪಾಧ್ಯಾಯರು ದೂರದಿಂದಲೇ ಕಾಣುವ ಹಳದಿ ನಿಲುವಂಗಿ ತೊಡುವ ಪದ್ಧತಿ ಬಂದಿತು. ಪುಸ್ತಿಕೆ ಏನೂ ಮಾಡಲಾರದೆಂದು ಅಂಕಿಗಳಿಂದ ತೋರಿಸಿದವರೇ ಹಳದಿ ಅಂಗಿಯನ್ನು ತಂದದ್ದು ನನಗೆ ಬಹಳ ಹಿಡಿಸಿತು. ಮುಂದೆ 2017ರಲ್ಲಿ ಕಾನೂನು ಇನ್ನಷ್ಟು ಬಿಗಿಯಾಯಿತು. ಕಾಟ ಇಂದಿಗೂ ಅಲ್ಲಿ ಇಲ್ಲವಾಗಿಲ್ಲ. ಮೊಬೈಲು ಬಂದ ಮೇಲೆ ಅದು ಬಯಲು ಬಿಟ್ಟು ಮಲಗುವ ಕೋಣೆಗೂ ಬಂದಿದೆ.

ನಮ್ಮ ದೇಶದಲ್ಲಿ ಈ ವಿಷಯ ಕಾಲೇಜಿನ ಬಾಗಿಲಿನಿಂದ ಒಳಗೆ ಬಂದಿತು, ರ‍್ಯಾಗಿಂಗ್ ಎಂಬ ಹೆಸರಿನಲ್ಲಿ. ಕರ್ನಾಟಕದ 1983ರ ಶಿಕ್ಷಣ ಕಾಯ್ದೆಯಲ್ಲಿಯೇ ಅದಕ್ಕೆ ಶಿಕ್ಷೆಯಿದೆ, ಆದರೆ ಆ ಕಾಯ್ದೆ ಜಾರಿಗೆ ಬಂದದ್ದು 1995ರಲ್ಲಿ. 2009ರ ಮಾರ್ಚಿನಲ್ಲಿ ಹಿಮಾಚಲ ಪ್ರದೇಶದ ವೈದ್ಯಕೀಯ ಕಾಲೇಜೊಂದರಲ್ಲಿ ಅಮನ್ ಕಾಚ್ರೂ ಎಂಬ ಹುಡುಗ ಹಿರಿಯ ವಿದ್ಯಾರ್ಥಿಗಳ ಹೊಡೆತದಿಂದ ಸತ್ತ ಮೇಲೆ, ಅದೇ ವರ್ಷ ದೂರವಾಣಿ ಸಹಾಯವಾಣಿಯೂ ಯು.ಜಿ.ಸಿ. ನಿಯಮಗಳೂ ಬಂದವು, ಅವನ ತಂದೆಯೇ ಸಂಸ್ಥೆಯೊಂದನ್ನು ಕಟ್ಟಿ ಆ ಕೆಲಸಕ್ಕೆ ಹೆಗಲು ಕೊಟ್ಟರು. ಅಲ್ಲಿಯೂ ಇಲ್ಲಿಯೂ ಸರಕಾರವನ್ನು ಎಬ್ಬಿಸಿದ್ದು ಮಕ್ಕಳ ಸಾವೇ. ಹದಿನೆಂಟರ ಹುಡುಗನಿಗೆ ಸಹಾಯವಾಣಿ ಸಿಕ್ಕಿತು. ಹದಿಮೂರರ ಹುಡುಗನ ಬುತ್ತಿಯ ಡಬ್ಬಿಯ ಬಗೆಗೆ ಯಾರೂ ಕಾಯ್ದೆ ಬರೆಯಲಾರರು. ಅಲ್ಲಿ ಬೇಕಾಗಿದ್ದುದು ಬಯಲಿಗೆ ಬಂದು ನಿಲ್ಲುವ ಒಬ್ಬ ಮೇಷ್ಟ್ರು.

ಕೊನೆಯದಾಗಿ ಒಂದು ವಿಷಯ. ಆ ಹಳೆಯ ವಿದ್ಯಾರ್ಥಿಯ ದೂರವಾಣಿ ಸಂಖ್ಯೆಯನ್ನು ಸಂಪಾದಿಸಿ, ಹಲವು ದಿನ ಮುಂದೂಡಿ, ಒಂದು ಸಂಜೆ ಕರೆ ಮಾಡಿದೆ. ಮರ್ಯಾದೆಯಿಂದಲೇ ಮಾತನಾಡಿದನು. ನನ್ನ ಆರೋಗ್ಯ ವಿಚಾರಿಸಿದನು, ತನ್ನ ವ್ಯಾಪಾರದ ವಿಷಯ ಹೇಳಿದನು. ಮಾತು ಈಗ ತಡವರಿಸುವುದಿಲ್ಲ. ನಾನು ಆ ದಿನದ ಪಾಠದ ಪ್ರಸ್ತಾಪ ತೆಗೆದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿಮಗೆ ಅದು ನೆನಪಿದೆಯಾ ಸಾರ್?” ಎಂದು ಕೇಳಿದನು. ಇದೆ ಎಂದೆ. “ನನಗೊಬ್ಬನಿಗೇ ನೆನಪಿರೋದು ಅಂದುಕೊಂಡಿದ್ದೆ” ಎಂದನು. ನಾನು ತಪ್ಪಾಯಿತೆಂದೆ. ಅವನು ಅದಕ್ಕೆ ಏನೂ ಹೇಳದೆ, ಅಂಗಡಿಗೆ ಯಾರೋ ಬಂದರೆಂದು ಫೋನಿಟ್ಟನು.

1989ರ ತಂಡದವರು ಮತ್ತೊಮ್ಮೆ ಸೇರುವ ಯೋಚನೆಯಲ್ಲಿದ್ದಾರೆ, ನನಗೂ ಕರೆ ಬಂದಿದೆ. ಬರುತ್ತೇನೆಂದು ಹೇಳಿದ್ದೇನೆ. ವೇದಿಕೆಯ ಮೇಲೆ ಆ ಅಡ್ಡಹೆಸರು ಬರಕೂಡದೆಂದೂ, ಬಂದರೆ ಎದ್ದು ಹೋಗುತ್ತೇನೆಂದೂ ಹೇಳಿದ್ದೇನೆ. ಅವನನ್ನು ಮತ್ತೆ ಗುಂಪಿಗೆ ಸೇರಿಸುವ ಪ್ರಯತ್ನವನ್ನು ಯಾರೂ ಮಾಡಬೇಡಿ. ಅವನ ಊರು ಯಾವುದೆಂದು ನನ್ನನ್ನು ಕೇಳಲೂ ಬೇಡಿ; ಯಾರಿಗಾದರೂ ಅವನಿಗೆ ಏನನ್ನಾದರೂ ತಿಳಿಸಬೇಕೆನಿಸಿದರೆ ಕಾಗದದಲ್ಲಿ ಬರೆದು ನನಗೆ ಕೊಡಿ, ಅವನ ಒಪ್ಪಿಗೆ ಕೇಳಿ ಕಳಿಸುತ್ತೇನೆ.